ಗಟ್ಟಿಯಾಗದ ಸೋಪು

ಹೆಂಡತಿಯ ತವರಿನಲ್ಲಿ ಅವನನ್ನು ಎಲ್ಲರೂ ಸೋಪಿನ ಅಳಿಯ ಎಂದೇ ಕರೆಯುತ್ತಿದ್ದರು. ಹೆಣ್ಣು ನೋಡಲು ಹೋದ ದಿನ ಹುಡುಗಿಯ ಸೋದರಮಾವ ಗಂಟಲು ಸರಿಮಾಡಿಕೊಂಡು, "ಏನು ಕೆಲಸ ಮಾಡ್ಕೊಂಡಿದೀರಿ?" ಎಂದು ಕೇಳಿದ್ದರು. "ಸೋಪು ಮಾಡ್ತೀನಿ" ಎಂದು ಇವನು ಒಂದೇ ಉಸಿರಿಗೆ ಹೇಳಿಬಿಟ್ಟ. ಪೂರಾ ಸುಳ್ಳೇನಲ್ಲ. ಊರಂಚಿನ ಸಣ್ಣ ಸೋಪಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸವಿದ್ದದ್ದು ನಿಜ. ಆದರೆ ಅಲ್ಲಿ ಎಣ್ಣೆ ಕಾಯಿಸುವವರು ಬೇರೆ, ಕಾಸ್ಟಿಕ್ ಸೋಡಾ ಕರಗಿಸುವವರು ಬೇರೆ, ಹಂಡೆಯಲ್ಲಿ ತಿರುವುವವರು ಬೇರೆ. ಇವನದು ಕಟ್ಟಕಡೆಯ ಮೇಜು. ಗಟ್ಟಿಯಾದ ಸೋಪು ಹಲಗೆ ಹಲಗೆಯಾಗಿ ಬಂದಾಗ ತಂತಿಯಿಂದ ಬಿಲ್ಲೆ ಕತ್ತರಿಸಬೇಕು, ಒಂದೊಂದರ ಮೇಲೂ ಹಿತ್ತಾಳೆಯ ಅಚ್ಚಿಟ್ಟು ಮರದ ಸುತ್ತಿಗೆಯಿಂದ ಒಂದೇಟು ಹಾಕಬೇಕು. ಸೋಪಿನ ಮೇಲೆ ಹಂಸದ ಚಿತ್ರ ಮೂಡುತ್ತಿತ್ತು. ಅಂದರೆ ಸೋಪು ಬೆಳೆದು ದೊಡ್ಡದಾದ ಮೇಲಷ್ಟೇ ಅವನಿಗೆ ಅದರ ಪರಿಚಯ. ಅದರ ಹುಟ್ಟು, ಬಾಲ್ಯ ಇವುಗಳ ಗಂಧಗಾಳಿಯೂ ಅವನಿಗಿರಲಿಲ್ಲ.

ಹಾಗಂತ ಬಾಯಿ ಸುಮ್ಮನಿರುತ್ತದೆಯೇ? ಮಾವನ ಮನೆಗೆ ಹೋದಾಗಲೆಲ್ಲ ನಡುಮನೆಯಲ್ಲಿ ಕಾಲು ಚಾಚಿ ಕೂತು, "ಸೋಪು ಗಟ್ಟಿಯಾಗೋದು ಎಣ್ಣೆಯಿಂದ ಅಲ್ಲ, ಕೈಗುಣದಿಂದ" ಎಂದು ಭಾಮೈದನಿಗೆ ಪಾಠ ಹೇಳುತ್ತಿದ್ದ. "ನಮ್ಮ ಹಂಸದ ಸೋಪು ಕೈಯಿಂದ ಜಾರಿಬಿದ್ದ ಚರಿತ್ರೆನೇ ಇಲ್ಲ. ಆ ಅಚ್ಚಿನ ಗೆರೆ ಇದೆಯಲ್ಲ, ಅದು ಬೆರಳಿಗೆ ಕಚ್ಚಿಕೊಳ್ಳುತ್ತೆ." ಅತ್ತೆ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೆಂಡತಿಗೆ ನಿಜ ಗೊತ್ತಿತ್ತು. ಗಂಡನ ಮಾನ ಅಂತ ಒಂದಿದೆಯಲ್ಲ, ಅವಳು ಸುಮ್ಮನಿದ್ದಳು.

ಕಾರ್ಖಾನೆ ಮುಚ್ಚಿಹೋಯಿತು. ಹೆಂಡತಿ ನರ್ಸು. ಅವಳಿಗೆ ಹೊರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು, ಇವನು ಅವಳ ಬೆನ್ನಿಗೆ ಹೊರಟ. ವಿಮಾನಕ್ಕೆ ಸೂಟ್‌ಕೇಸ್ ಭಾರವಾಯಿತೆಂದಾಗ ಪ್ಯಾಂಟು ತೆಗೆದಿಟ್ಟ, ಸ್ವೆಟರ್ ತೆಗೆದಿಟ್ಟ, ಟವೆಲ್ಲಿನಲ್ಲಿ ಸುತ್ತಿದ್ದ ಹಂಸದ ಅಚ್ಚನ್ನು ಮಾತ್ರ ಬಿಡಲಿಲ್ಲ. ಮುಚ್ಚುವ ದಿನ ಮಾಲೀಕರೇ ಕರೆದು ಕೊಟ್ಟದ್ದು ಅದು. ಇಲ್ಲಿ ಅವನಿಗೆ ಬೆಳಗಿನ ಪಾಳಿಯಲ್ಲಿ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಇಲ್ಲೂ ಕಟ್ಟಕಡೆಯ ಮೇಜೇ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿರುತ್ತಿದ್ದ.

ಮಾವ ತೀರಿಕೊಂಡ ಮೇಲೆ ಅತ್ತೆಗೆ ಸಣ್ಣದಾಗಿ ಪಾರ್ಶ್ವವಾಯು ಬಡಿಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬಲಗೈಯ ಹಿಡಿತ ಮಾತ್ರ ಮರಳಲಿಲ್ಲ. ಬೆರಳು ಅಲ್ಲಾಡುತ್ತವೆ, ಮುಷ್ಟಿ ಕಟ್ಟುವುದಿಲ್ಲ. ಹೆಂಡತಿ ಹಟ ಹಿಡಿದು ಅಮ್ಮನನ್ನು ತನ್ನ ಹತ್ತಿರವೇ ಕರೆಸಿಕೊಂಡಳು.

ಈಗ ಅತ್ತೆಯ ಒಂದು ಪದ್ಧತಿ ಹೇಳಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಅಳಿಯನ ಮುಖ ನೋಡಿ ಒಂದು ಮಾತೂ ಆಡಿದವರಲ್ಲ. ಜಗಳವೇನಿಲ್ಲ, ಅದು ಅವರ ಕಾಲದ ಮರ್ಯಾದೆ. ಅಳಿಯಂದಿರು ಬಂದರೆ ತಲೆ ಮೇಲೆ ಸೆರಗು, ಬಾಗಿಲ ಮರೆ. ಹೇಳುವುದೇನಿದ್ದರೂ ಮಗಳ ಮೂಲಕ, ಮಗನ ಮೂಲಕ, ಯಾರೂ ಸಿಗದಿದ್ದರೆ ಪಕ್ಕದ ಮನೆಯ ಮಗುವಿನ ಮೂಲಕ. ಅಲ್ಲಿ ತುಂಬಿದ ಮನೆ, ನಡೆಯುತ್ತಿತ್ತು. ಇಲ್ಲಿ ಮೂರನೇ ಮಹಡಿಯ ಪುಟ್ಟ ಫ್ಲ್ಯಾಟು. ಮಗಳು ಆಸ್ಪತ್ರೆಗೆ ಹೋದರೆ ಉಳಿಯುವುದು ಅತ್ತೆ, ಅಳಿಯ ಮತ್ತು ಗೋಡೆ. ಮಾತು ದಾಟಿಸುವವರು ಯಾರು? ಅತ್ತೆ ಬಂದ ವಾರದಲ್ಲೇ ಫ್ರಿಜ್ಜನ್ನು ನೇಮಿಸಿಕೊಂಡರು.

"ಯಾರಾದ್ರೂ ಆ ಕಿಟಕಿ ಮುಚ್ಚಿದ್ರೆ ಚೆನ್ನಾಗಿತ್ತು" ಎಂದು ಫ್ರಿಜ್ಜಿನ ಕಡೆ ತಿರುಗಿ ಹೇಳುವರು. ಅಳಿಯ ಎದ್ದು ಕಿಟಕಿ ಮುಚ್ಚುವನು.

"ಕೆಲಸ ಮುಗಿಸ್ಕೊಂಡು ಬಂದೋರು ಹಸಿದಿರ್ತಾರೆ. ಅನ್ನ ಬಿಸಿ ಇದೆ" ಎನ್ನುವರು. ಫ್ರಿಜ್ಜಿಗೆ ಹಸಿವೇ? ಅಳಿಯ ತಟ್ಟೆ ಹಾಕಿಕೊಳ್ಳುವನು.

"ಸಾರು ಚೆನ್ನಾಗಿದೆ ಅತ್ತೆ" ಎಂದು ಇವನು ನೇರವಾಗಿಯೇ ಹೇಳುತ್ತಿದ್ದ. ಅತ್ತೆ ಸೆರಗು ಎಳೆದುಕೊಂಡು ಫ್ರಿಜ್ಜಿಗೆ ಮುಗುಳ್ನಗುತ್ತಿದ್ದರು. ನೋಡಿದವರು ಯಾರಾದರೂ ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಳ್ಳಬೇಕು. ಆದರೆ ಅವನಿಗೆ ಅದು ಒಗ್ಗಿಹೋಗಿತ್ತು. ಒಗ್ಗಿಹೋಗಿತ್ತು ಎಂದರೆ ಕಡಿಮೆಯಾದೀತು, ಇಷ್ಟವಾಗಿತ್ತು. ಗೋದಾಮಿನಲ್ಲಿ ಬೆಳಗಿಡೀ ಪರಭಾಷೆಯಲ್ಲಿ ಹೂಂ ಊಹೂಂ ಎಂದು ತಲೆಯಾಡಿಸಿ ಬಂದವನಿಗೆ, ಬಾಗಿಲು ತೆಗೆದ ಕೂಡಲೇ ತನ್ನ ಭಾಷೆಯಲ್ಲಿ ಫ್ರಿಜ್ಜನ್ನು ಗದರುವ ಆ ದನಿ ಕೇಳಿದರೆ ಜೀವಕ್ಕೆ ಹಿತವಾಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಹೆಂಡತಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಮೂಗೆಳೆದುಕೊಂಡಳು. ಈರುಳ್ಳಿಯ ಕಣ್ಣೀರಿಗೂ ಅಳುವಿಗೂ ವ್ಯತ್ಯಾಸ ತಿಳಿಯದಷ್ಟು ಹೊಸ ಗಂಡನಲ್ಲ ಅವನು.

"ಏನಾಯ್ತೇ?"

"ಅಮ್ಮ ಊರಿಗೆ ಕಳಿಸು ಅಂತಿದ್ದಾಳೆ. ತಮ್ಮನ ಹತ್ರ ಆಗಲೇ ಮಾತಾಡಿಬಿಟ್ಟಿದ್ದಾಳೆ. ಈ ತಿಂಗಳ ಕೊನೆಗೆ ಟಿಕೆಟ್ ಮಾಡಿಸ್ಬೇಕಂತೆ."

"ಯಾಕೆ? ನಾನೇನಾದ್ರೂ ಅಂದ್ನಾ?"

"ನೀವಲ್ಲ ರೀ. ಸ್ನಾನ."

ಅಳಿಯನ ಮುಂದೆ ಆಡುವ ಮಾತಲ್ಲ ಅದು, ಆದ್ದರಿಂದ ಅವನಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ಅಂಗಡಿಯ ನುಣುಪು ಸೋಪು ಅತ್ತೆಯ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬಲಗೈ ಹಿಡಿಯದು, ಎಡಗೈಗೆ ರೂಢಿಯಿಲ್ಲ. ಒಂದು ದಿನ ಜಾರಿಬಿದ್ದ ಸೋಪಿನ ಮೇಲೆ ಕಾಲಿಟ್ಟು, ಗೋಡೆಯ ಹಿಡಿಕೆ ಸಿಕ್ಕದಿದ್ದರೆ ಬಿದ್ದೇ ಹೋಗುತ್ತಿದ್ದರು. ಮಗಳು ಒತ್ತಿದರೆ ಸುರಿಯುವ ಬಾಟಲಿ ತಂದಳು. ಅದಕ್ಕೆ ಒತ್ತಲೊಂದು ಕೈ, ಹಿಡಿಯಲೊಂದು ಕೈ ಬೇಕು. ಸುರಿದದ್ದು ಬೆರಳ ಸಂದಿಯಿಂದ ಇಳಿದು ಮೋರಿ ಸೇರುತ್ತಿತ್ತು. ಕೊನೆಗೆ ಮಗಳೇ ದಿನಾ ಕೂರಿಸಿ ಮೈ ತೊಳೆಯತೊಡಗಿದಳು. ಅದೇ ಅತ್ತೆಗೆ ಮುಳ್ಳಾದದ್ದು.

"ಇಡೀ ದಿನ ಆಸ್ಪತ್ರೇಲಿ ಯಾರ್ಯಾರ ಮೈಯೋ ಒರೆಸಿ ಬರ್ತೀಯ, ಮನೆಗೆ ಬಂದ್ರೆ ಇಲ್ಲೂ ನಂದೊಂದು ಮೈ ಕಾದಿರುತ್ತೆ ಅಂತಾಳೆ. ಊರಲ್ಲಾದ್ರೆ ಕೆಲಸದವಳನ್ನ ಇಟ್ಕೊಳ್ತೀನಿ, ಹೊರಗಿನವಳಾದ್ರೆ ನಾಚಿಕೆ ಇರಲ್ಲ ಅಂತಾಳೆ. ನಂಗೇನೂ ಕಷ್ಟ ಇಲ್ಲಮ್ಮ ಅಂತ ಎಷ್ಟು ಹೇಳಿದ್ರೂ ಕೇಳಲ್ಲ." ಹೆಂಡತಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಊರಲ್ಲಿದ್ದಾಗ ಒರಟು ಸೋಪು ಕೈಗೆ ಹಿಡಿತಾ ಇತ್ತು, ಇಲ್ಲಿಯದು ಮೀನು ಮೀನು ಅಂತಾಳೆ."

ಅವನ ಎದೆ ಧಸಕ್ಕೆಂದಿತು. ಮರುಗಳಿಗೆಯಲ್ಲೇ ಅದೇ ಎದೆ ಉಬ್ಬಿತು. ಹಿಡಿತಕ್ಕೆ ಸಿಗುವ ಸೋಪು ತಾನೇ ಬೇಕಾದದ್ದು? ಹಂಸ ಯಾವ ದಿನಕ್ಕೆ ಇದೆ?

"ನಾನು ಸೋಪು ಮಾಡ್ತೀನಿ" ಎಂದ.

ಹೆಂಡತಿ ಅಳುವುದನ್ನು ಮರೆತು ಅವನನ್ನು ನೋಡಿದಳು. "ನೀವಾ?"

"ತೆಳ್ಳಗೆ, ಅವರ ಕೈ ಅಳತೆಗೆ ಬಿಲ್ಲೆ ಕತ್ತರಿಸಿ, ಎರಡೂ ಕಡೆ ಅಚ್ಚು ಒತ್ತಿಬಿಡ್ತೀನಿ. ಜಾರೋ ಮಾತೇ ಇಲ್ಲ."

"ಕತ್ತರಿಸೋದು ಸರಿ ರೀ. ಕತ್ತರಿಸೋಕೆ ಸೋಪೆಲ್ಲಿದೆ?"

ಮಾತು ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತೇನೋ. ಆದರೆ ನಡುಮನೆಯಿಂದ ಅತ್ತೆಯ ದನಿ ತೇಲಿಬಂತು. ಫ್ರಿಜ್ಜು ಅಡುಗೆಮನೆಯಲ್ಲಿದ್ದುದರಿಂದ ಅವರು ಗಡಿಯಾರಕ್ಕೆ ಹೇಳುತ್ತಿದ್ದರು. "ಅವರಿಗೇನು, ಎಷ್ಟು ವರ್ಷ ಸೋಪು ಮಾಡಿದ ಕೈ. ಒಂದು ಗಳಿಗೆ ಕೆಲಸ." ಅಳಿಯನಿಗೆ ಹಿಂದೆ ಸರಿಯುವ ದಾರಿಯೇ ಮುಚ್ಚಿಹೋಯಿತು.

ಮರುದಿನ ಮಧ್ಯಾಹ್ನವೇ ಬೇಟೆ ಶುರುವಾಯಿತು. ಹಾರ್ಡ್‌ವೇರ್ ಅಂಗಡಿಯವನು ಕಾಸ್ಟಿಕ್ ಎಂಬ ಮಾತು ಕೇಳಿದ್ದೇ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅದನ್ನು ಬಿಡಿಯಾಗಿ ಮಾರುವಂತಿಲ್ಲ ಎಂದ. ಬೇಕಿದ್ದರೆ ಮೋರಿ ಕಟ್ಟಿಕೊಂಡಾಗ ಸುರಿಯುವ ಪುಡಿಯಿದೆ ಎಂದು ಡಬ್ಬಿಯೊಂದನ್ನು ಮುಂದಿಟ್ಟ. ಅದರೊಳಗೆ ಲೋಹದ ಚೂರುಗಳು ಮಿಣಿಮಿಣಿ ಹೊಳೆಯುತ್ತಿದ್ದವು. ಮೋರಿಗೆ ಹಾಕುವುದನ್ನು ಅತ್ತೆಯ ಮೈಗೆ ಹಚ್ಚುವಷ್ಟು ಧೈರ್ಯ ಯಾವ ಅಳಿಯನಿಗಿದೆ? ಹಾಗೇ ಬಿಟ್ಟು ಬಂದ. ಕೊಬ್ಬರಿ ಎಣ್ಣೆ ಕೇಳಿದರೆ ತಲೆಗೆ ಹಚ್ಚುವಷ್ಟು ಪುಟ್ಟ ಸೀಸೆ ತೋರಿಸಿದರು. ಮಾಂಸದ ಅಂಗಡಿಯವನು ಮಾತ್ರ ಧಾರಾಳಿ. ಸೋಪಿಗೆ ಇದೇ ಸರಿ ಎಂದು ಬಿಳಿ ಕೊಬ್ಬಿನ ಗಡ್ಡೆ ಎತ್ತಿ ಹಿಡಿದ. ಅದು ಮನೆಯ ಹೊಸಿಲು ದಾಟಿದರೆ ಅತ್ತೆ ಟಿಕೆಟ್ಟಿಗೂ ಕಾಯದೆ ನಡೆದೇ ಊರು ಸೇರುತ್ತಾರೆ ಎಂದು ಅವನಿಗೆ ವಿವರಿಸುವ ಭಾಷೆ ಬರದೆ, ಇವನು ಕೈಮುಗಿದು ಹೊರಬಿದ್ದ. ಕೊನೆಗೆ ಕೈಗೆ ಸಿಕ್ಕಿದ್ದು ದಿನಸಿ ಅಂಗಡಿಯ ಸೂರ್ಯಕಾಂತಿ ಎಣ್ಣೆಯ ಕ್ಯಾನು ಒಂದೇ.

ಕ್ಯಾನು ಹೊತ್ತು ಬರುವಾಗ ಬೀದಿ ತಿರುವಿನ ಬೇಕರಿಯವನು ಒಲೆಯ ಬೂದಿಯನ್ನು ಬಕೆಟ್ಟಿನಲ್ಲಿ ತುಂಬಿ ಹೊರಗಿಡುತ್ತಿದ್ದ. ಮೊಣಕೈಯವರೆಗೆ ಹಿಟ್ಟು ಮೆತ್ತಿಕೊಂಡ ಧಡೂತಿ ಮನುಷ್ಯ, ಗಟ್ಟಿ ಕಟ್ಟಿಗೆ ಉರಿಸಿ ಬ್ರೆಡ್ಡು ಬೇಯಿಸುವವನು. ಬೂದಿ ಬೆಳ್ಳಗೆ, ಜರಡಿ ಹಿಡಿದ ಹಾಗೆ ನುಣ್ಣಗಿತ್ತು. ಇವನು ಅಲ್ಲೇ ನಿಂತುಬಿಟ್ಟ. ಕಾಸ್ಟಿಕ್ ಇಲ್ಲದ ಕಾಲದಲ್ಲಿ ಬೂದಿ ನೀರಲ್ಲೇ ಸೋಪು ಮಾಡುತ್ತಿದ್ದರೆಂದು ಕಾರ್ಖಾನೆಯ ಹಿರಿಯರು ಹೇಳಿದ್ದು ನೆನಪಾಯಿತು. ಹರುಕು ಮುರುಕು ಮಾತು, ಅರ್ಧ ಕೈಸನ್ನೆ. ಮೈ ಉಜ್ಜಿಕೊಂಡು ತೋರಿಸಿದ. ಬೇಕರಿಯವನಿಗೆ ಏನರ್ಥವಾಯಿತೋ, ಹೊಟ್ಟೆ ಕುಣಿಸಿ ನಕ್ಕು ಬಕೆಟ್ ಸಮೇತ ಕೊಟ್ಟ.

ಬೂದಿಯನ್ನು ಬಾಲ್ಕನಿಗೆ ತಂದಿಟ್ಟಾಗ ಅತ್ತೆಯ ಮುಖ ನೋಡಬೇಕಿತ್ತು. ಚಿಕ್ಕಂದಿನಲ್ಲಿ ಅವರಮ್ಮ ಬೂದಿ ನೀರಿನಲ್ಲೇ ಬಟ್ಟೆ ಕುದಿಸುತ್ತಿದ್ದರಂತೆ. ಅಳಿಯ ಬೂದಿಗೆ ಒಂದೇ ಸಲಕ್ಕೆ ನೀರು ಸುರಿದು ಕಲಸಲು ಹೊರಟದ್ದನ್ನು ಕಂಡು ಅವರು ದಾಪುಗಾಲಿಟ್ಟು ಫ್ರಿಜ್ಜಿನ ಹತ್ತಿರ ಹೋದರು.

"ಬೂದಿ ಕಲಸ್ಬಾರ್ದು. ತಳ ತೂತಿರೋ ಬಕೆಟ್ಟಿಗೆ ಬಟ್ಟೆ ಹಾಸಿ, ಮೇಲೆ ಬೂದಿ ಒತ್ತಿ, ಬಿಸಿನೀರು ನಿಧಾನಕ್ಕೆ ಬಿಡ್ಬೇಕು. ಕೆಳಗೆ ತೊಟ್ಟಿಕ್ಕಿದ್ದನ್ನ ಹಿಡ್ಕೋಬೇಕು. ಗೊತ್ತಿದ್ದೋರಿಗೆ ನಾನೇನು ಹೇಳೋದು, ಸುಮ್ನೆ ಹೇಳ್ದೆ."

"ಕಾರ್ಖಾನೇಲೂ ಹಾಗೇ ಮಾಡ್ತಿದ್ವಿ ಅತ್ತೆ, ಮರೆತುಹೋಗಿತ್ತು" ಎಂದು ಅಳಿಯ ಗಂಭೀರವಾಗಿ ಹೇಳಿ ಬಕೆಟ್ಟಿಗೆ ತೂತು ಕೊರೆದ. ಇಂಥ ಮನುಷ್ಯನಿಗೆ ಏನು ಹೇಳೋಣ!

ಅಂದಿನಿಂದ ಮನೆಯಲ್ಲಿ ಹೊಸ ಗೆಲುವು. ಬೂದಿ ನೀರು ಚಹಾದ ಬಣ್ಣಕ್ಕೆ ತೊಟ್ಟಿಕ್ಕುತ್ತಿದ್ದರೆ ಅತ್ತೆ ಬಾಲ್ಕನಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕಾವಲು ಕೂರುತ್ತಿದ್ದರು. ಅಲ್ಯೂಮಿನಿಯಂ ಪಾತ್ರೆ ತಂದರೆ, "ಅದು ಕರ್ರಗಾಗಿ ತೂತು ಬೀಳುತ್ತೆ" ಎಂದು ಫ್ರಿಜ್ಜಿಗೆ ಎಚ್ಚರಿಕೆ ಹೋಗುತ್ತಿತ್ತು. ಸ್ಟೀಲ್ ಪಾತ್ರೆ ಬಂತು. ನೀರು ಬತ್ತಿಸಿದಷ್ಟೂ ಖಾರವಾಗುತ್ತದೆ, ಆದರೆ ಎಷ್ಟಕ್ಕೆ ಸಾಕು? "ಆಲೂಗಡ್ಡೆ ಹಾಕಿ ನೋಡ್ತಿದ್ರು ನಮ್ಮಮ್ಮ. ಮುಳುಗಿದ್ರೆ ಇನ್ನೂ ನೀರು, ತೇಲಿದ್ರೆ ಆಯ್ತು." ಆಲೂಗಡ್ಡೆ ಮುಳುಗಿತು. ಮತ್ತೆ ಕುದಿಸಿದ. ಕೊನೆಗೊಮ್ಮೆ ಅದು ಬೋಳುತಲೆ ತೋರಿಸುತ್ತಾ ತೇಲಿದಾಗ ಅಳಿಯ ಸೌಟು ಮೇಲೆತ್ತಿ ಕುಣಿದೇಬಿಟ್ಟ. ಅತ್ತೆ ಸೆರಗಿನೊಳಗೆ ನಕ್ಕರು.

ಕಿಟಕಿಗಳನ್ನೆಲ್ಲ ತೆರೆದು, ಕೈಗೆ ಗವಸು ಹಾಕಿ, ಬಿಸಿ ಎಣ್ಣೆಗೆ ಬೂದಿ ನೀರು ಬಿಟ್ಟು ತಿರುವಿದ್ದೇ ತಿರುವಿದ್ದು. ಹಂಡೆಯಲ್ಲಿ ತಿರುವುತ್ತಿದ್ದವರ ತೋಳು ಯಾಕೆ ಹಾಗಿತ್ತೆಂದು ಅವನಿಗೆ ಈಗ ಗೊತ್ತಾಯಿತು. ಭುಜ ಕಳಚಿ ಬರುವ ಹೊತ್ತಿಗೆ ಪಾತ್ರೆಯಲ್ಲಿದ್ದದ್ದು ಮಂದವಾಗಿ, ಜೇನಿನ ಬಣ್ಣಕ್ಕೆ ತಿರುಗಿ, ಸೌಟಿಗೆ ಅಂಟತೊಡಗಿತು. ಅದನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ಬಾಲ್ಕನಿಯ ಹಲಗೆಯ ಮೇಲಿಟ್ಟು, ಹಂಸದ ಅಚ್ಚಿಗೆ ಎಣ್ಣೆ ಸವರಿ ಪಕ್ಕದಲ್ಲಿಟ್ಟ. ನಾಳೆ ಗಟ್ಟಿಯಾದರೆ ಕತ್ತರಿಸುವುದೊಂದೇ ಬಾಕಿ. ಅಲ್ಲಿಂದಾಚೆ ಅವನ ರಾಜ್ಯ.

ನಾಳೆ ಬಂತು. ಸೋಪು ಗಟ್ಟಿಯಾಗಲಿಲ್ಲ. ನಾಡಿದ್ದೂ ಬಂತು. ಬೆರಳಿಟ್ಟರೆ ಬೆಣ್ಣೆಯಂತೆ ಒಳಗೆ ಹೋಗುತ್ತಿತ್ತು. ಬಿಸಿಲಿಗಿಟ್ಟ, ಇನ್ನಷ್ಟು ಮೆತ್ತಗಾಯಿತು. ಫ್ರೀಜರಿನಲ್ಲಿಟ್ಟ, ಕಲ್ಲಾಯಿತು. ಗೆದ್ದೆನೆಂದು ಹೊರತೆಗೆದು ಅಚ್ಚು ಹುಡುಕುವಷ್ಟರಲ್ಲಿ ಮತ್ತೆ ಬೆಣ್ಣೆ. ಆದರೂ ಸಮಾಧಾನವಾಗದೆ ಅಚ್ಚೊತ್ತಿಯೇ ಬಿಟ್ಟ. ಹಂಸ ಕತ್ತಿನವರೆಗೆ ಮುಳುಗಿ, ಎತ್ತಿದಾಗ ಪಚಕ್ಕೆಂದು ಬಂತು. ಸೋಪಿನ ಮೇಲೆ ಹಂಸವೂ ಇಲ್ಲ, ಬಾತುಕೋಳಿಯೂ ಇಲ್ಲ, ಒಂದು ಗುಳಿ ಅಷ್ಟೆ. ಆ ಸಂಜೆ ಹೆಂಡತಿ ನಕ್ಕು ನಕ್ಕು ಸೋಫಾದ ಮೇಲೆ ಉರುಳಿಕೊಂಡಳು. ಇವನು ಇಂಗು ತಿಂದ ಮಂಗನಂತೆ ಅಚ್ಚು ಒರೆಸುತ್ತಾ ನಿಂತ.

ಸೋಪು ಮೆತ್ತಗಿದ್ದರೂ ಕೆಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಹಿರಿಯರು ಸೋಪನ್ನು ನಾಲಿಗೆ ತುದಿಗೆ ತಾಗಿಸಿ ನೋಡುತ್ತಿದ್ದರು. ಚುರುಕ್ಕೆಂದರೆ ಇನ್ನೂ ಖಾರವಿದೆ, ಸುಮ್ಮನಿದ್ದರೆ ಮೈಗೆ ಹಚ್ಚಬಹುದು. ಇವನೂ ದಿನಕ್ಕೊಮ್ಮೆ ಚೂರು ತೆಗೆದು ನೆಕ್ಕುತ್ತಿದ್ದ. ಒಂದು ದಿನ ಹಾಗೆ ನೆಕ್ಕುವಾಗ ಹಿಂದಿನಿಂದ ಉದ್ಗಾರ ಕೇಳಿಸಿತು.

"ಅಯ್ಯೋ ದೇವರೇ, ಸೋಪು ತಿಂತಿದ್ದಾರಲ್ಲ!" ಅತ್ತೆ ಗಾಬರಿಯಲ್ಲಿ ಗಡಿಯಾರಕ್ಕೂ ಫ್ರಿಜ್ಜಿಗೂ ಒಟ್ಟಿಗೆ ಹೇಳಿಬಿಟ್ಟರು.

"ತಿಂತಿಲ್ಲ ಅತ್ತೆ, ಪರೀಕ್ಷೆ ಮಾಡ್ತಿದ್ದೀನಿ. ಖಾರ ಪೂರ್ತಿ ಹೋಗಿದೆ, ಮಗೂಗೂ ಹಚ್ಚಬಹುದು. ಗಟ್ಟಿ ಆಗ್ತಿಲ್ಲ ಅನ್ನೋದೊಂದೇ." ಹೇಳುವಾಗ ಅವನಿಗೆ ನಾಚಿಕೆಯಾಯಿತು. ಅತ್ತೆ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿ ತಮ್ಮ ಕೋಣೆಗೆ ಹೋದರು.

ಕೋಣೆಯ ಬಾಗಿಲು ಅರೆ ತೆರೆದಿತ್ತು. ಮಂಚದ ಕೆಳಗಿದ್ದ ಸೂಟ್‌ಕೇಸ್ ಈಗ ಮೇಲೆ ಬಂದಿತ್ತು. ಒಳಗೆ ಅರ್ಧದವರೆಗೆ ಸೀರೆಗಳು, ಮೇಲೊಂದು ಶಾಲು. ಅವನಿಗೆ ತಮಾಷೆಯೆಲ್ಲ ಇಳಿದುಹೋಯಿತು. ಈ ಡಬ್ಬಿಯಲ್ಲಿರುವುದು ಗಟ್ಟಿಯಾಗದಿದ್ದರೆ ಆ ಸೂಟ್‌ಕೇಸ್ ತುಂಬುತ್ತದೆ. ಅತ್ತೆ ಹೋಗುತ್ತಾರೆ. ಮಧ್ಯಾಹ್ನ ಬಾಗಿಲು ತೆಗೆದರೆ ಫ್ರಿಜ್ಜು ಗುಂಯ್‌ಗುಡುವ ಸದ್ದು ಮಾತ್ರ ಇರುತ್ತದೆ. ತನ್ನಮ್ಮನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು ಅವನು. ಮುಖ ನೋಡಿ ಮಾತಾಡದಿದ್ದರೂ ದಿನಾ ಅನ್ನ ಬಿಸಿಯಿಟ್ಟು ಕಾಯುವ ಇನ್ನೊಂದು ಜೀವ ಅವನಿಗೆಲ್ಲಿತ್ತು?

ಮತ್ತೆ ಬೂದಿ ಕೇಳಲು ಹೋದ ದಿನ ಬೇಕರಿಯವನು, ಸೋಪು ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದ. ಇವನು ಹಿಟ್ಟಿನ ಉಂಡೆಯೊಂದನ್ನು ಬೆರಳಿಂದ ಒತ್ತಿ ತೋರಿಸಿದ. ಬೇಕರಿಯವನು ಹಣೆ ಚಚ್ಚಿಕೊಂಡ. ಅವನ ಅಜ್ಜಿಯೂ ಬೂದಿ ಸೋಪು ಮಾಡುತ್ತಿದ್ದಳಂತೆ. ಬೂದಿಯ ಸೋಪು ಎಷ್ಟು ಕಾದರೂ ಮೆತ್ತಗೇ, ಅದರ ಗುಣವೇ ಅದು. ಮತ್ತೆ ಕರಗಿಸಿ, ಧಾರಾಳವಾಗಿ ಉಪ್ಪು ಹಾಕಿ ಕುದಿಸಿದರೆ ಸೋಪು ಬೇರೆಯಾಗಿ ಮೇಲೆ ತೇಲುತ್ತದೆ, ಆರಿದರೆ ಗಟ್ಟಿ. ಅಷ್ಟೇ ಗುಟ್ಟು. ಇವನಿಗೆ ಅವನ ಹಿಟ್ಟಿನ ಕೈಗೆ ಮುತ್ತಿಡುವಷ್ಟು ಸಂತೋಷವಾಯಿತು.

ಮರುದಿನ ಗೋದಾಮಿನಲ್ಲಿ ಹೊಟ್ಟೆನೋವೆಂದು ಹೇಳಿ ಬೇಗ ಹೊರಟ. ದಾರಿಯಲ್ಲಿ ದೊಡ್ಡ ಉಪ್ಪಿನ ಪೊಟ್ಟಣ ಕೊಂಡ. ಮೆಟ್ಟಿಲು ಹತ್ತುವಾಗ ಕಣ್ಮುಂದೆ ಬಿಲ್ಲೆಗಳ ಸಾಲು, ಒಂದೊಂದರ ಮೇಲೂ ಕತ್ತೆತ್ತಿದ ಹಂಸ. ಬಾಗಿಲು ತೆಗೆದು ನೇರ ಬಾಲ್ಕನಿಗೆ ಹೋದ. ಹಲಗೆಯ ಮೇಲೆ ಅಚ್ಚಿತ್ತು, ಡಬ್ಬಿ ಇರಲಿಲ್ಲ.

ಅತ್ತೆಯ ಕೋಣೆ ನೋಡಿದ, ಖಾಲಿ. ಅಷ್ಟರಲ್ಲಿ ಬಚ್ಚಲುಮನೆಯಿಂದ ನೀರಿನ ಸದ್ದು ಕೇಳಿಸಿತು. ಬಾಗಿಲು ಮುಚ್ಚಿದೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ಅಂದರೆ ಅತ್ತೆ ಒಳಗೆ ಒಬ್ಬರೇ!

ಜಾರಿದರೆ? ಬಿದ್ದರೆ? ಕರೆಯೋಣವೆಂದರೆ, ಸ್ನಾನದ ಮಾತನ್ನು ಅಳಿಯನ ಕಿವಿಗೇ ಬೀಳಗೊಡದವರು ಅವರು. ಬಾಗಿಲು ತಟ್ಟಿದರೆ ನಾಚಿಕೆಗೇ ಅರ್ಧ ಜೀವ ಹೋದೀತು. ಸುಮ್ಮನೆ ನಿಲ್ಲಲು ಮನಸ್ಸು ಕೇಳದು. ಉಪ್ಪಿನ ಪೊಟ್ಟಣ ಅವುಚಿಕೊಂಡು ಬಾಗಿಲ ಮುಂದೆ ಅತ್ತಿಂದಿತ್ತ ತಿರುಗಿದ. ಕೊನೆಗೆ ಏನೂ ತೋಚದೆ, ಎದುರಿನ ಗೋಡೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ.

"ಒಳಗಿರೋರು ಹುಷಾರಾಗಿದ್ದಾರಾ ಅಂತ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು."

ನೀರು ನಿಂತಿತು. ಆಮೇಲೆ ಅತ್ತೆಯ ದನಿ ನಲ್ಲಿಯನ್ನು ಉದ್ದೇಶಿಸಿ ಬಂತು.

"ಒಳಗಿರೋರು ಚೆನ್ನಾಗೇ ಇದ್ದಾರೆ. ಹೊರಗಿರೋರು ಆಚೆ ಹೋಗಿ ಕೂತ್ರೆ ಸ್ನಾನ ಮುಗಿಯುತ್ತೆ."

ಅವನು ಬಾಲ್ಕನಿಗೆ ಹೋಗಿ ಕೂತ. ಎಷ್ಟೋ ಹೊತ್ತಿನ ಮೇಲೆ ಅತ್ತೆ ಹೊರಬಂದರು. ಸೀರೆಯನ್ನು ಹೇಗೋ ಸುತ್ತಿಕೊಂಡಿದ್ದರು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖ ಮಾತ್ರ, ಶಾಲೆಯಲ್ಲಿ ಬಹುಮಾನ ಗೆದ್ದು ಬಂದ ಹುಡುಗಿಯದು. ಅವರು ಫ್ರಿಜ್ಜಿನ ಮುಂದೆ ನಿಂತರು.

"ಗಟ್ಟಿ ಸೋಪು ಹಿಡಿಯೋಕೆ ಮುಷ್ಟಿ ಕಟ್ಟಬೇಕು. ನನ್ನ ಕೈಗೆ ಅದೇ ತಾನೇ ಆಗದಿರೋದು. ಇದಕ್ಕೆ ಬೆರಳು ಅದ್ದಿದ್ರೆ ಸಾಕು, ಅದೇ ಅಂಟ್ಕೊಂಡು ಬರುತ್ತೆ. ಜಾರಲ್ಲ, ಬೀಳಲ್ಲ, ಬಗ್ಗಿ ಹುಡುಕ್ಬೇಕಾಗಿಲ್ಲ." ದನಿ ತಗ್ಗಿಸಿ ಸೇರಿಸಿದರು. "ಬೆನ್ನಿಗೂ ನಾನೇ ಹಚ್ಕೊಂಡೆ."

ಅಳಿಯ ಬಾಯಿ ತೆರೆದಿದ್ದರೆ ಅತ್ತುಬಿಡುತ್ತಿದ್ದ. ಅತ್ತೆ ಕೋಣೆಗೆ ಹೋದ ಮೇಲೆ ಬಚ್ಚಲುಮನೆಗೆ ಇಣುಕಿದ. ಹಿಡಿಕೆಯ ಪಕ್ಕದ ಗೂಡಿನಲ್ಲಿ, ಕೂತವರ ಕೈಗೆ ನಿಲುಕುವಲ್ಲಿ, ಡಬ್ಬಿಯಿತ್ತು. ಸೋಪಿನ ಮೇಲೆ ಹಂಸ ಮಾಡಿದ್ದ ಗುಳಿಯ ಪಕ್ಕ ಬೆರಳುಗಳು ಎಳೆದ ಗೆರೆಗಳಿದ್ದವು. ಬಲಗೈಯ ಬೆರಳುಗಳು. ಅವನು ಉಪ್ಪಿನ ಪೊಟ್ಟಣವನ್ನು ಅಡುಗೆಮನೆಯ ಡಬ್ಬಿಗೆ ಸುರಿದು ಮುಚ್ಚಳ ಹಾಕಿದ. ಅಚ್ಚನ್ನು ತಂದು, ಹಬೆ ನೀರು ಒಳಗೆ ಬೀಳದಿರಲೆಂದು ಸೋಪಿನ ಡಬ್ಬಿಗೆ ತಟ್ಟೆ ಮುಚ್ಚಿ ಅದರ ಮೇಲೆ ಭಾರಕ್ಕಿಡಲು ಹೋದ. ಆಮೇಲೆ ನಾಲಿಗೆ ಕಚ್ಚಿಕೊಂಡ. ಅತ್ತೆಯ ಕೈಗೆ ಅಚ್ಚು ಎತ್ತಲಾದೀತೇ? ಹಗುರ ಮುಚ್ಚಳವೊಂದೇ ಸಾಕೆಂದು ಅಚ್ಚನ್ನು ಟವೆಲ್ಲಿನಲ್ಲಿ ಸುತ್ತಿ ತನ್ನ ಸೂಟ್‌ಕೇಸಿಗೆ ಸೇರಿಸಿದ. ತುಸು ಬೇಸರವಾಯಿತು, ಇಲ್ಲವೆನ್ನುವಂತಿಲ್ಲ.

ಸಂಜೆ ಹೆಂಡತಿ ಬಂದವಳೇ ತೋಳೇರಿಸಿಕೊಂಡು, "ಬಾಮ್ಮ, ಸ್ನಾನ" ಎಂದಳು.

"ಆಯ್ತು" ಎಂದರು ಅಮ್ಮ, ಒಗೆದ ಬಟ್ಟೆ ಮಡಚುತ್ತಾ.

"ಏನಾಯ್ತು?"

"ಸ್ನಾನ ಆಯ್ತು ಕಣೇ. ಹೋಗು, ಕಾಫಿ ಕುಡಿ. ಸುಸ್ತಾಗಿ ಬಂದಿದೀಯ."

ಹೆಂಡತಿ ಅಮ್ಮನ ಕತ್ತು ಮೂಸಿದಳು, ತಲೆ ಮುಟ್ಟಿ ನೋಡಿದಳು, ಗಂಡನ ಮುಖ ನೋಡಿದಳು. ಚಪ್ಪಲಿ ಕೂಡ ಬಿಡದೆ ಅಲ್ಲೇ ನೆಲದ ಮೇಲೆ ಕೂತು, ಅಮ್ಮನ ಮಡಿಲಲ್ಲಿ ತಲೆಯಿಟ್ಟಳು. ಮದುವೆಯಾದ ಮೇಲೆ ಅವಳು ಹಾಗೆ ಮಲಗಿದ್ದನ್ನು ಇವನು ನೋಡಿಯೇ ಇರಲಿಲ್ಲ. ಅತ್ತೆಯ ಬಲಗೈ ಮುಷ್ಟಿ ಕಟ್ಟಲಾರದಿದ್ದರೂ ಮಗಳ ತಲೆ ಸವರಲು ಅದಕ್ಕೇನೂ ಅಡ್ಡಿಯಿರಲಿಲ್ಲ.

ಆದರೆ ಸೂಟ್‌ಕೇಸ್ ಮಂಚದ ಮೇಲೇ ಇತ್ತು. ಟಿಕೆಟ್ಟಿನ ಮಾತನ್ನು ಎತ್ತಲು ಗಂಡನಿಗೂ ಧೈರ್ಯವಿಲ್ಲ, ಹೆಂಡತಿಗೂ ಇಲ್ಲ. ಕೇಳಿಬಿಟ್ಟರೆ, ಹೋಗುತ್ತೇನೆ ಎಂದೇ ಅವರ ಬಾಯಿಂದ ಬಂದುಬಿಟ್ಟರೆ? ದಿನಾ ಬಚ್ಚಲಿನಲ್ಲಿ ನೀರಿನ ಸದ್ದು, ದಿನಾ ಡಬ್ಬಿಯಲ್ಲಿ ಸೋಪು ಒಂದಿಷ್ಟು ಕೆಳಗೆ. ಅತ್ತ ಭಾಮೈದ ಫೋನಿನಲ್ಲಿ ಗೋಗರೆಯುತ್ತಿದ್ದ. "ಭಾವ, ಟಿಕೆಟ್ ಮಾಡಿಸ್ಲಾ ಬೇಡ್ವಾ? ಅಮ್ಮನ್ನ ಕೇಳಿದ್ರೆ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ." ಇವನು, ನೋಡೋಣ, ನೋಡೋಣ ಎಂದು ಸಾಗಹಾಕಿದ.

ತಿಂಗಳ ಕೊನೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅವನು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ಅತ್ತೆ ಸ್ನಾನ ಮುಗಿಸಿ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಡಬ್ಬಿ. ಅವನು ಅಭ್ಯಾಸಬಲದಿಂದ ಫ್ರಿಜ್ಜಿನ ಮುಂದಿನಿಂದ ಸರಿದು ಅವರಿಗೆ ಜಾಗ ಬಿಟ್ಟುಕೊಟ್ಟ.

ಅತ್ತೆ ಫ್ರಿಜ್ಜಿನ ಕಡೆ ತಿರುಗಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ಮತ್ತೆ ಅವನ ಮುಖವನ್ನೇ ನೋಡಿದರು.

"ಅಳಿಯಂದ್ರೇ" ಎಂದರು. "ಸೋಪು ಮುಗೀತಾ ಬಂತು. ಬೂದಿ ತರಬೇಕಾಗುತ್ತೆ."

ಅವನ ಕೈಯಲ್ಲಿದ್ದ ತಟ್ಟೆಯಿಂದ ನೀರ ನೊರೆ ಇಳಿದು ಪಾದದ ಮೇಲೆ ಬೀಳುತ್ತಿತ್ತು. "ಈಗಲೇ ತರ್ತೀನಿ ಅತ್ತೆ" ಎಂದು ಕೈ ಒರೆಸಿಕೊಂಡು, ಬಕೆಟ್ ಹುಡುಕಿ, ಚಪ್ಪಲಿ ಹಾಕಿಕೊಂಡ.

"ಬರುವಾಗ ಆಲೂಗಡ್ಡೆನೂ ತನ್ನಿ" ಎಂದರು ಅತ್ತೆ, ಬಾಗಿಲವರೆಗೂ ಅವನ ಹಿಂದೆಯೇ ಬಂದು.